ಅಂತರಜಾಲದಲ್ಲಿ ಅಭ್ಯರ್ಥಿಗಳ ಶೋಧ



ನಿಮ್ಮ ತಂದೆ-ತಾಯಿಯರ ಕಾಲದಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದು ಹೇಗಿತ್ತೆಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು, ಅಂಕಪಟ್ಟಿಯ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಕರೆಗಾಗಿ ಕಾಯುತ್ತಿದ್ದರು. ಕೆಲಸ ಕೊಡುವವರು ಒಂದು ಕಡೆ ಕುಳಿತಿರುತ್ತಿದ್ದರು. ಕೆಲಸ ಬೇಕಾದವರು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಇಂದು ಇದರ ಜೊತೆಗೆ ಇನ್ನೊಂದು ಕ್ರಮವೂ ಬೆಳೆದಿದೆ. ಅನೇಕ ಹುದ್ದೆಗಳಿಗೆ ಉದ್ಯೋಗದಾತರೇ ಗಣಕಯಂತ್ರದ ಮುಂದೆ ಕುಳಿತು ತಮಗೆ ಬೇಕಾದ ವ್ಯಕ್ತಿಯನ್ನು ಅಂತರಜಾಲದಲ್ಲಿ ಹುಡುಕುತ್ತಾರೆ. ನಮ್ಮ ದೇಶದಲ್ಲಿ ನೌಕ್ರಿ ಎಂಬ ಉದ್ಯೋಗ ತಾಣ 1997ರಲ್ಲಿ ಆರಂಭವಾಯಿತು. ವೃತ್ತಿಪರರು ತಮ್ಮ ವಿವರಗಳನ್ನು ಪ್ರಕಟಿಸುವ ಲಿಂಕ್ಡ್‌ಇನ್ ತಾಣ ಅಮೆರಿಕದಲ್ಲಿ 2003ರಲ್ಲಿ ಬಂತು. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವೀಸ್ ಎಂಬ ತಾಣ 2015ರಲ್ಲಿ ಕೆಲಸ ಆರಂಭಿಸಿತು. ಇಂಥ ತಾಣಗಳಲ್ಲಿ ಲಕ್ಷಾಂತರ ಜನರ ಬಯೋಡೇಟಾಗಳಿವೆ. ಅವುಗಳಲ್ಲಿ ಹತ್ತು ಮಂದಿಯನ್ನು ಆರಿಸುವುದು ಹೇಗೆ? ನಾನು ಕೆಲವು ವರ್ಷ ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲಿ ಈ ಕೆಲಸವನ್ನೇ ಮಾಡಿದವನು. ಅದರ ರೀತಿಯನ್ನು ನಿಮಗೆ ತಿಳಿಸುವುದು ಈ ಭಾಷಣದ ಉದ್ದೇಶ. ಮುಂದೆ ನಿಮ್ಮಲ್ಲಿ ಕೆಲವರು ಹುಡುಕುವವರಾಗುತ್ತೀರಿ. ಎಲ್ಲರೂ ಒಮ್ಮೆಯಾದರೂ ಇನ್ನೊಬ್ಬರ ಹುಡುಕಾಟಕ್ಕೆ ಒಳಗಾಗುತ್ತೀರಿ. ಆದ್ದರಿಂದ ಎರಡೂ ಕಡೆಯ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಶೋಧಕ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ನಾವು ಪದವೊಂದನ್ನು ಬರೆದು ಗುಂಡಿ ಒತ್ತಿದ ಕೂಡಲೇ ಅದು ಜಗತ್ತಿನ ಪುಟಗಳನ್ನೆಲ್ಲ ಓದಲು ಓಡುತ್ತದೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಪುಟಗಳನ್ನು ಅದು ಮೊದಲೇ ಓದಿ ಒಂದು ಸೂಚಿಯನ್ನು ಸಿದ್ಧಪಡಿಸಿ ಇಟ್ಟುಕೊಂಡಿರುತ್ತದೆ. ನಿಮ್ಮ ಪಠ್ಯಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲವೆ? 'ದ್ಯುತಿಸಂಶ್ಲೇಷಣೆ: ಪುಟ 14, 52, 90' ಎಂದು ಬರೆದಿರುತ್ತದೆ. ಶೋಧಕ ಯಂತ್ರದ ಸೂಚಿಯೂ ಇದೇ ಬಗೆಯದು, ಆದರೆ ಬಹು ದೊಡ್ಡದು. ಯಾವ ಪದ ಯಾವ ಪುಟಗಳಲ್ಲಿದೆ ಎಂಬುದನ್ನು ಅದು ಮೊದಲು ನೋಡುತ್ತದೆ. ಅನಂತರ ಯಾವುದು ಮುಖ್ಯವೆಂದು ಲೆಕ್ಕ ಹಾಕಿ ಸಾಲಾಗಿ ಜೋಡಿಸುತ್ತದೆ. ಇಂದಿನ ಯಂತ್ರಗಳು ಸಮಾನ ಅರ್ಥದ ಪದಗಳನ್ನೂ ಸ್ವಲ್ಪಮಟ್ಟಿಗೆ ಊಹಿಸಬಲ್ಲವು. ಆದರೂ ಅವು ತಿಳಿದಿರುವುದು ಬರಹವನ್ನು. ಆ ಬರಹದ ಹಿಂದಿರುವ ಮನುಷ್ಯನನ್ನಲ್ಲ.

ಈ ಸೂಚಿಯನ್ನು ಜಾಣತನದಿಂದ ಬಳಸುವ ತರ್ಕ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಜಾರ್ಜ್ ಬೂಲ್ ಎಂಬ ಗಣಿತಜ್ಞ 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿದ. ತಂದೆ ಚಮ್ಮಾರಿಕೆಯವರು. ಹೆಚ್ಚಿನ ಶಾಲಾ ಶಿಕ್ಷಣ ದೊರೆಯದಿದ್ದರೂ ಬೂಲ್ ತಾನೇ ಓದಿ ಗಣಿತ ಕಲಿತು, 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. 1854ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ತರ್ಕವನ್ನು ಬೀಜಗಣಿತದಂತೆ ಬರೆಯಬಹುದೆಂದು ತೋರಿಸಿದ. ನೀವು ಗಣಗಳ ಪಾಠದಲ್ಲಿ ಛೇದನ, ಸಂಯೋಗ, ಪೂರಕ ಎಂಬ ಮೂರು ಕ್ರಿಯೆಗಳನ್ನು ಕಲಿತಿದ್ದೀರಿ. ಶೋಧದ ಭಾಷೆಯಲ್ಲಿ ಅವೇ ಆ್ಯಂಡ್, ಆರ್, ನಾಟ್ ಎಂಬ ಮೂರು ಪದಗಳಾಗಿವೆ. ಎರಡೂ ಇರಬೇಕು ಎನ್ನಲು ಆ್ಯಂಡ್. ಎರಡರಲ್ಲಿ ಯಾವುದಾದರೂ ಇದ್ದರೆ ಸಾಕು ಎನ್ನಲು ಆರ್. ಇದು ಇರಬಾರದು ಎನ್ನಲು ನಾಟ್. ಪರೀಕ್ಷೆ ಮುಗಿದ ಮೇಲೆ ಗಣಗಳ ಪಾಠ ಯಾವ ಉಪಯೋಗಕ್ಕೆ ಬರುತ್ತದೆಂದು ಕೇಳುವವರಿಗೆ ಇದೊಂದು ಉತ್ತರ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಗೆ ಸಿಎನ್‌ಸಿ ಯಂತ್ರ ನಡೆಸಬಲ್ಲ ಅನುಭವಿಯೊಬ್ಬರು ಬೇಕಾಗಿದ್ದಾರೆ. ಸಿಎನ್‌ಸಿ ಎಂದರೆ ಗಣಕದ ಆದೇಶದಂತೆ ಲೋಹವನ್ನು ಕೊರೆದು ಕತ್ತರಿಸುವ ಯಂತ್ರ. ಹುಡುಕುವಾಗ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ರೂಢಿ. ನಿಮ್ಮ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ಹೊಸಬರು 'ಸಿಎನ್‌ಸಿ ಆಪರೇಟರ್ ಬೆಂಗಳೂರು' ಎಂದಷ್ಟೇ ಬರೆಯುತ್ತಾರೆ. ಯಂತ್ರದ ವ್ಯಾಪಾರಿಗಳು, ತರಬೇತಿ ಸಂಸ್ಥೆಗಳು, ಹಳೆಯ ಜಾಹೀರಾತುಗಳು ಎಲ್ಲವೂ ಬಂದು ರಾಶಿ ಬೀಳುತ್ತವೆ. ಪಳಗಿದವರು ಮೊದಲು ಉದ್ಧರಣ ಚಿಹ್ನೆಯನ್ನು ಬಳಸುತ್ತಾರೆ. "ಸಿಎನ್‌ಸಿ ಆಪರೇಟರ್" ಎಂದು ಚಿಹ್ನೆಯೊಳಗೆ ಬರೆದರೆ ಆ ಎರಡು ಪದಗಳು ಅದೇ ಕ್ರಮದಲ್ಲಿ ಒಟ್ಟಿಗೆ ಇರುವ ಪುಟಗಳು ಮಾತ್ರ ಬರುತ್ತವೆ. ಆದರೆ ಇದೇ ಕೆಲಸ ಬಲ್ಲವರೆಲ್ಲ ತಮ್ಮನ್ನು ಹೀಗೆಯೇ ಕರೆದುಕೊಳ್ಳುವುದಿಲ್ಲ. ಐ.ಟಿ.ಐ.ಯಲ್ಲಿ ಕಲಿತವರು ಟರ್ನರ್ ಎಂದೋ ಮೆಷಿನಿಸ್ಟ್ ಎಂದೋ ಬರೆದಿರುತ್ತಾರೆ. ಇನ್ನು ಕೆಲವರು ವಿಎಂಸಿ ಆಪರೇಟರ್ ಎನ್ನುತ್ತಾರೆ. ಆದ್ದರಿಂದ ಹುಡುಕುವವರು ಹೀಗೆ ವಿಸ್ತರಿಸುತ್ತಾರೆ:

("ಸಿಎನ್‌ಸಿ ಆಪರೇಟರ್" ಆರ್ "ವಿಎಂಸಿ ಆಪರೇಟರ್" ಆರ್ ಮೆಷಿನಿಸ್ಟ್ ಆರ್ ಟರ್ನರ್) ಆ್ಯಂಡ್ (ಫ್ಯಾನುಕ್ ಆರ್ ಸೀಮೆನ್ಸ್)

ಫ್ಯಾನುಕ್, ಸೀಮೆನ್ಸ್ ಎಂಬುವು ಆ ಯಂತ್ರಗಳ ನಿಯಂತ್ರಕಗಳನ್ನು ತಯಾರಿಸುವ ಕಂಪನಿಗಳ ಹೆಸರುಗಳು. ನಿಜವಾಗಿ ಕೆಲಸ ಮಾಡಿದವರು ತಾವು ಬಳಸಿದ ನಿಯಂತ್ರಕದ ಹೆಸರನ್ನು ಬರೆದಿರುತ್ತಾರೆ ಎಂಬ ಊಹೆ ಇದರ ಹಿಂದಿದೆ. ಉದ್ಯೋಗ ತಾಣಗಳ ಒಳಗೆ ಹುಡುಕುವಾಗ ಕಂಸಗಳಿಗೆ ಗಣಿತದಲ್ಲಿ ಇರುವಷ್ಟೇ ಬೆಲೆಯಿದೆ. ಎರಡಕ್ಕೆ ಮೂರನ್ನು ಕೂಡಿಸಿ ನಾಲ್ಕರಿಂದ ಗುಣಿಸಬೇಕಾದಾಗ ಕಂಸ ಬಿಟ್ಟರೆ ಉತ್ತರ ತಪ್ಪುವಂತೆ, ಇಲ್ಲಿಯೂ ತಪ್ಪುತ್ತದೆ. ಗೂಗಲ್ ಮಾತ್ರ ಕಂಸಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇಂಥ ಒಂದು ಸಾಲನ್ನು ಈ ವೃತ್ತಿಯವರು ಬೂಲಿಯನ್ ಸ್ಟ್ರಿಂಗ್ ಎಂದು ಕರೆಯುತ್ತಾರೆ. ನೂರೈವತ್ತು ವರ್ಷಗಳ ಹಿಂದೆಯೇ ತೀರಿಕೊಂಡ ಗಣಿತಜ್ಞನ ಹೆಸರು ಹೀಗೆ ಪೀಣ್ಯದ ಕಚೇರಿಗಳಲ್ಲಿ ದಿನವೂ ಕೇಳಿಬರುತ್ತದೆ.

ಇನ್ನು ಊರಿನ ಹೆಸರು. ಇಲ್ಲಿ ನಮ್ಮ ರಾಜ್ಯದಲ್ಲಿ ಒಂದು ತೊಡಕಿದೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಹುಬ್ಲಿ ಹುಬ್ಬಳ್ಳಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಆದರೆ ಹಳೆಯ ಬಯೋಡೇಟಾಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಅನೇಕರು ಇಂದಿಗೂ ಹಾಗೆಯೇ ಬರೆಯುತ್ತಾರೆ. ಒಂದೇ ಹೆಸರಿನಿಂದ ಹುಡುಕಿದರೆ ಇನ್ನೊಂದನ್ನು ಬರೆದವರು ತಪ್ಪಿಹೋಗುವ ಸಂಭವವಿದೆ. ಆದ್ದರಿಂದ ತಿಳಿದವರು ಎರಡನ್ನೂ ಆರ್ ಹಾಕಿ ಸೇರಿಸುತ್ತಾರೆ.

ಪದವಿಗಳ ಹೆಸರುಗಳಲ್ಲಿಯೂ ಇದೇ ತೊಡಕು. ನಮ್ಮ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಓದಿದವರ ಪದವಿ ಸಾಮಾನ್ಯವಾಗಿ ಬಿ.ಇ. ಬೇರೆ ಹಲವು ಕಡೆ ಅದೇ ಓದಿಗೆ ಬಿ.ಟೆಕ್. ಎಂಬ ಹೆಸರಿದೆ. ಹೊರರಾಜ್ಯದ ಕಚೇರಿಯೊಂದರಲ್ಲಿ ಕುಳಿತವರು ಬಿ.ಟೆಕ್. ಎಂದಷ್ಟೇ ಬರೆದು ಹುಡುಕಿದರೆ ನಮ್ಮ ಬಿ.ಇ.ಯವರು ಕಾಣದೆ ಹೋಗಬಹುದು. ನಾವು ಪಿ.ಯು.ಸಿ. ಎನ್ನುವುದನ್ನು ಉತ್ತರದವರು ಹನ್ನೆರಡನೆಯ ತರಗತಿ ಎನ್ನುತ್ತಾರೆ. ನೆರೆಯ ಆಂಧ್ರದವರು ಇಂಟರ್ ಎನ್ನುತ್ತಾರೆ. ಓದು ಒಂದೇ ಮಟ್ಟದ್ದು, ಪದ ಮಾತ್ರ ಬೇರೆ. ಆದರೆ ಸೂಚಿಗೆ ಪದವೇ ಎಲ್ಲ.

ಈಗ ಮೂರನೆಯದಾದ ನಾಟ್ ಎಂಬುದಕ್ಕೆ ಬರೋಣ. ಗೂಗಲ್‌ನಲ್ಲಿ ಇದನ್ನು ಪದದ ಹಿಂದೆ ಅಂತರವಿಲ್ಲದೆ ಒಂದು ಕಳೆಯುವ ಚಿಹ್ನೆ ಹಾಕಿ ಸೂಚಿಸುತ್ತಾರೆ. ಬೇಡದ್ದನ್ನು ಹೊರಗಿಡಲು ಇದು ಬಹು ಉಪಯುಕ್ತ. ಅಷ್ಟೇ ಅಪಾಯಕಾರಿ ಕೂಡ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆ.

ಒಮ್ಮೆ ನಮಗೆ ಇಂಥದ್ದೇ ಯಂತ್ರದ ಕೆಲಸಕ್ಕೆ ಅನುಭವಿಯೊಬ್ಬರು ತುರ್ತಾಗಿ ಬೇಕಾಗಿದ್ದರು. ಆಗತಾನೆ ಓದು ಮುಗಿಸಿದವರನ್ನು, ಅಂದರೆ ಫ್ರೆಷರ್‌ಗಳನ್ನು ಹೊರಗಿಡಬೇಕೆಂದು ನಾನು ಉದ್ಯೋಗ ತಾಣದಲ್ಲಿ 'ನಾಟ್ ಫ್ರೆಷರ್' ಎಂದು ಸೇರಿಸಿದೆ. ಪಟ್ಟಿ ಚಿಕ್ಕದಾಯಿತು, ನನಗೆ ಸಂತೋಷವಾಯಿತು. ಬಂದವರಲ್ಲಿ ಒಬ್ಬರನ್ನು ಆರಿಸಿ ನೇಮಕಾತಿ ಪತ್ರವನ್ನೂ ಕೊಟ್ಟೆವು. ಅವರು ಕೆಲಸಕ್ಕೆ ತಕ್ಕವರಾಗಿರಲಿಲ್ಲ ಎಂಬುದು ಸ್ವಲ್ಪ ದಿನಗಳಲ್ಲೇ ತಿಳಿಯಿತು. ಆಗ ನಮ್ಮ ಕಾರ್ಖಾನೆಯ ಹಿರಿಯ ಕೆಲಸಗಾರರೊಬ್ಬರು, "ನಮ್ಮ ಊರಿನ ಕಡೆಯವರೊಬ್ಬರಿದ್ದಾರೆ ಸಾರ್, ಈ ಯಂತ್ರದಲ್ಲಿ ಅವರನ್ನು ಮೀರಿಸುವವರಿಲ್ಲ. ಕಾರ್ಖಾನೆ ಮುಚ್ಚಿ ಆರು ತಿಂಗಳಿಂದ ಮನೆಯಲ್ಲಿದ್ದಾರೆ. ನೀವು ನೋಡುವ ತಾಣದಲ್ಲೇ ಅವರ ಬಯೋಡೇಟಾ ಇದೆಯಂತೆ" ಎಂದರು. ತೆರೆದು ನೋಡಿದೆ. ನಾವು ಕೇಳಿದ್ದೆಲ್ಲ ಅದರಲ್ಲಿತ್ತು. ಜೊತೆಗೆ ಕೊನೆಯಲ್ಲಿ ಒಂದು ಸಾಲಿತ್ತು: ಹನ್ನೆರಡು ಮಂದಿ ಫ್ರೆಷರ್‌ಗಳಿಗೆ ತರಬೇತಿ ಕೊಟ್ಟಿದ್ದೇನೆ, ಎಂದು.

ಹದಿನಾಲ್ಕು ವರ್ಷದ ಅನುಭವಿಯನ್ನು ನನ್ನ ಒಂದು ಪದ ಹೊರಗೆ ನೂಕಿತ್ತು. ನಾನು ಅವರಿಗೆ ದೂರವಾಣಿ ಮಾಡಿ, ಹುದ್ದೆ ಈಗ ಖಾಲಿ ಇಲ್ಲವೆಂದೂ, ಮುಂದೆ ಅವಕಾಶ ಬಂದಾಗ ತಿಳಿಸುತ್ತೇನೆಂದೂ ಹೇಳಿ, ನಡೆದುದನ್ನು ವಿವರಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಪರವಾಗಿಲ್ಲ ಸಾರ್. ಯಾವ ಪದ ಬರೀಬೇಕಿತ್ತು ಹೇಳಿ, ಬದಲಾಯಿಸ್ತೀನಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಬರೆದದ್ದರಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದುದು ನನ್ನ ಸಾಲಿನಲ್ಲಿ.

ಮಿತ್ರರೆ, ಹುಡುಕಿದಾಗ ಸಿಗದವರು ಇಲ್ಲದವರಲ್ಲ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೊಂದೇ. ಅಂದಿನಿಂದ ನಾನು ನಾಟ್ ಬಳಸುವ ಮೊದಲು, ಆ ಪದ ಇರುವ ಹತ್ತಿಪ್ಪತ್ತು ಬಯೋಡೇಟಾಗಳನ್ನು ತೆರೆದು, ಯಾರು ಹೊರಹೋಗುತ್ತಾರೆಂದು ನೋಡುವುದನ್ನು ರೂಢಿ ಮಾಡಿಕೊಂಡೆ. ನೀವು ಯಾವುದೇ ವಿಷಯವನ್ನು ಶೋಧಿಸುವಾಗಲೂ ಇದನ್ನು ಪಾಲಿಸಬಹುದು.

ಇನ್ನೆರಡು ತಂತ್ರಗಳನ್ನು ಹೇಳುತ್ತೇನೆ. 'ಸೈಟ್' ಎಂದು ಬರೆದು, ಎರಡು ಚುಕ್ಕಿಯ ಚಿಹ್ನೆ ಹಾಕಿ, ಅಂತರ ಬಿಡದೆ ಒಂದು ತಾಣದ ವಿಳಾಸವನ್ನು ಬರೆದರೆ, ಶೋಧಕ ಯಂತ್ರ ಆ ತಾಣದ ಪುಟಗಳನ್ನು ಮಾತ್ರ ತೋರಿಸುತ್ತದೆ. ಒಂದು ತಾಣದ ಒಳಗನ್ನು ಹೊರಗಿನಿಂದಲೇ ನೋಡುವುದರಿಂದ ನೇಮಕಾತಿಯವರು ಇದಕ್ಕೆ ಎಕ್ಸ್-ರೇ ಎಂದು ಹೆಸರಿಟ್ಟಿದ್ದಾರೆ. ಹಾಗೆಯೇ 'ಫೈಲ್‌ಟೈಪ್' ಎಂದು ಬರೆದು ಪಿಡಿಎಫ್ ಎಂದು ಸೇರಿಸಿದರೆ ಆ ಬಗೆಯ ಕಡತಗಳಷ್ಟೇ ಬರುತ್ತವೆ. ಸರ್ಕಾರಿ ವರದಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಲು ಈ ಎರಡು ತಂತ್ರಗಳು ನಿಮಗೂ ಬಹಳ ನೆರವಾಗುತ್ತವೆ.

ಆದರೆ ಇದರಲ್ಲಿ ಎಚ್ಚರಿಕೆಯ ಮಾತೂ ಇದೆ. ಎಂದೋ ಯಾವುದೋ ತಾಣಕ್ಕೆ ಕಳುಹಿಸಿದ ಬಯೋಡೇಟಾ, ಬಾಗಿಲು ಮುಚ್ಚದ ಮನೆಯಂತೆ ಎಲ್ಲರಿಗೂ ತೆರೆದುಕೊಂಡು ಬಿದ್ದಿರಬಹುದು. ಅದರಲ್ಲಿ ಮನೆಯ ವಿಳಾಸ, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ ಇದ್ದರೆ ನೇಮಕಾತಿಯವರ ಜೊತೆಗೆ ವಂಚಕರಿಗೂ ಅದು ಸಿಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಒಬ್ಬ ವ್ಯಕ್ತಿ ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಿ. ಏನನ್ನು ಪ್ರಕಟಿಸಬೇಕು ಎಂಬ ಮೊದಲ ವಿವೇಚನೆ ನಿಮ್ಮದೇ ಆಗಿರಬೇಕು. ಬಯೋಡೇಟಾದಲ್ಲಿ ಊರಿನ ಹೆಸರು, ಒಂದು ಇ-ಮೇಲ್ ವಿಳಾಸ ಇದ್ದರೆ ಸಾಕು. ಉಳಿದದ್ದನ್ನು ಕೆಲಸ ಖಚಿತವಾದ ಮೇಲೆ ಕೊಡಬಹುದು. ಕೆಲಸ ಕೊಡಿಸುತ್ತೇವೆಂದು ಯಾರಾದರೂ ಮುಂಗಡ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಕಳೆದುಕೊಂಡಿದ್ದರೆ 1930 ಎಂಬ ಸಹಾಯವಾಣಿಗೆ ತಡಮಾಡದೆ ದೂರು ಕೊಡಿ.

ಈಚಿನ ವರ್ಷಗಳಲ್ಲಿ ಹುಡುಕುವ, ಆರಿಸುವ ಕೆಲಸದ ಒಂದು ಪಾಲನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುತ್ತಿದ್ದಾರೆ. ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ಆದರೆ ಅಮೆಜಾನ್ ಕಂಪನಿ ಸಿದ್ಧಪಡಿಸುತ್ತಿದ್ದ ಇಂಥ ಒಂದು ವ್ಯವಸ್ಥೆಯ ಸುದ್ದಿ 2018ರಲ್ಲಿ ಹೊರಬಂತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದಿದ್ದ ಬಯೋಡೇಟಾಗಳನ್ನು ತೋರಿಸಿ ಆ ಯಂತ್ರಕ್ಕೆ ಕಲಿಸಲಾಗಿತ್ತು. ಅವುಗಳಲ್ಲಿ ಹೆಚ್ಚಿನವು ಪುರುಷರವಾಗಿದ್ದವು. ಅದರಿಂದಾಗಿ ಮಹಿಳೆಯರ ಎಂಬ ಅರ್ಥದ ಪದ ಕಂಡ ಬಯೋಡೇಟಾಗಳಿಗೆ ಯಂತ್ರ ಕಡಿಮೆ ಅಂಕ ಕೊಡಲು ಕಲಿಯಿತು. ಕಂಪನಿ ಆ ಪ್ರಯತ್ನವನ್ನು ಕೈಬಿಟ್ಟಿತು. ನಾನು ಒಬ್ಬ ವ್ಯಕ್ತಿಗೆ ಮಾಡಿದ ಅನ್ಯಾಯವನ್ನು ಯಂತ್ರ ಒಂದೇ ಗಳಿಗೆಯಲ್ಲಿ ಸಾವಿರಾರು ಜನರಿಗೆ ಮಾಡಬಲ್ಲುದು. ನಿಮ್ಮಲ್ಲಿ ಗಣಕ ವಿಜ್ಞಾನ ಓದುತ್ತಿರುವವರು ಇದನ್ನು ಮರೆಯಬಾರದು.

ಹಾಗಾದರೆ ವಿದ್ಯಾರ್ಥಿಗಳು ಈಗ ಏನು ಮಾಡಬೇಕು?

ಬಯೋಡೇಟಾದಲ್ಲಿ ನಿಮ್ಮ ಕಲಿಕೆಯನ್ನು ಎರಡು ರೀತಿಯಲ್ಲಿ ಹೆಸರಿಸಿ. ಬಿ.ಇ. ಎಂದು ಬರೆದು ಪಕ್ಕದಲ್ಲಿ ಬ್ಯಾಚಲರ್ ಆಫ್ ಇಂಜಿನಿಯರಿಂಗ್ ಎಂದು ವಿಸ್ತರಿಸಿ, ದ್ವಿತೀಯ ಪಿ.ಯು.ಸಿ. ಎಂಬುದರ ಜೊತೆಗೆ ಹನ್ನೆರಡನೆಯ ತರಗತಿ ಎಂದೂ ಸೇರಿಸಿ. 'ಗಣಕ ಜ್ಞಾನವಿದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಟ್ಯಾಲಿ ಬಲ್ಲೆ, ಎಕ್ಸೆಲ್ ಬಲ್ಲೆ, ಪೈಥಾನ್ ಬಲ್ಲೆ ಎಂದು ಉಪಕರಣದ ಹೆಸರನ್ನೇ ಹೇಳಿ. ಕೈಬರಹದ ಹಾಳೆಯ ಛಾಯಾಚಿತ್ರ ತೆಗೆದು ಕಳುಹಿಸಬೇಡಿ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರ ಓದದೆ ಹೋಗಬಹುದು. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲಿಯೇ ಬರೆಯಿರಿ. ಹಳೆಯ ಬಗೆಯ ಕನ್ನಡ ಫಾಂಟುಗಳಲ್ಲಿ ಬರೆದದ್ದು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿ ಉಳಿದಿರುತ್ತದೆ. ಕನ್ನಡ ಪದದಿಂದ ಹುಡುಕಿದಾಗ ಅದು ಸಿಗುವುದಿಲ್ಲ.

ಆದರೆ ಗೊತ್ತಿಲ್ಲದ ವಿದ್ಯೆಯ ಹೆಸರನ್ನು ಸೇರಿಸಬೇಡಿ. ಕೆಲವರು ಬೇಕಾದ ಪದಗಳನ್ನೆಲ್ಲ ಬಿಳಿ ಬಣ್ಣದಲ್ಲಿ, ಕಣ್ಣಿಗೆ ಕಾಣದಂತೆ, ಹಾಳೆಯಲ್ಲಿ ತುಂಬುತ್ತಾರೆ. ಯಂತ್ರ ಮೋಸಹೋಗಬಹುದು, ಸಂದರ್ಶನದಲ್ಲಿ ಎದುರಿಗೆ ಕುಳಿತವರು ಎರಡನೆಯ ಪ್ರಶ್ನೆಗೇ ತಿಳಿದುಕೊಳ್ಳುತ್ತಾರೆ. ಒಮ್ಮೆ ಕಳೆದುಕೊಂಡ ವಿಶ್ವಾಸವನ್ನು ಯಾವ ತಂತ್ರದಿಂದಲೂ ಮರಳಿ ಪಡೆಯಲಾಗದು.

ಕೊನೆಯದಾಗಿ ಒಂದು ಅಭ್ಯಾಸ. ಇಬ್ಬರು ಗೆಳೆಯರು ಅಥವಾ ಗೆಳತಿಯರು ಒಂದೊಂದು ಪುಟದ ಬಯೋಡೇಟಾ ಬರೆದು ಬದಲಾಯಿಸಿಕೊಳ್ಳಿ. ಇಂಥ ಕೆಲಸಕ್ಕೆ ಜನ ಬೇಕೆಂದರೆ ನೀವು ಯಾವ ಐದು ಪದಗಳಿಂದ ಹುಡುಕುತ್ತೀರಿ ಎಂದು ಗೆಳೆಯನ ಹಾಳೆಯನ್ನು ನೋಡುವ ಮೊದಲೇ ಬರೆದಿಟ್ಟುಕೊಳ್ಳಿ. ಅನಂತರ ಆ ಪದಗಳು ಹಾಳೆಯಲ್ಲಿವೆಯೇ ನೋಡಿ. ಸಿಗದೆ ಹೋದರೆ ಆತುರದಿಂದ ಅವನ ಬರಹವನ್ನು ತಿದ್ದಬೇಡಿ. ಮೊದಲು ನಿಮ್ಮ ಐದು ಪದಗಳನ್ನು ಪ್ರಶ್ನಿಸಿ. ಅವನು ಅದೇ ವಿಷಯವನ್ನು ಬೇರೆ ಪದದಲ್ಲಿ ಹೇಳಿದ್ದಾನೆಯೇ ಎಂದು ಓದಿ ನೋಡಿ. ಎಷ್ಟೋ ಸಲ ಹೇಳಿರುತ್ತಾನೆ.

ಆ ಯಂತ್ರ ಕೆಲಸಗಾರರಿಗೆ ಅಂದು ನಾನು ಕೊಡಲಾಗದ ಉತ್ತರವನ್ನು ಇಂದು ನಿಮಗೆ ಹೇಳಿದ್ದೇನೆ. ಅವರಿಗೆ ಮರುವರ್ಷ ಬೇರೊಂದು ಕಡೆ ಕೆಲಸ ಸಿಕ್ಕಿತು. ಅದು ಯಾವ ಶೋಧಕ ಯಂತ್ರದಿಂದಲೂ ಸಿಕ್ಕಿದ್ದಲ್ಲ. ಅವರ ಬಳಿ ತರಬೇತಿ ಪಡೆದಿದ್ದ ಆ ಹನ್ನೆರಡು ಫ್ರೆಷರ್‌ಗಳಲ್ಲಿ ಒಬ್ಬ ತನ್ನ ಮಾಲೀಕರಿಗೆ ಅವರ ಹೆಸರು ಹೇಳಿದ್ದ.